ಚಿತ್ರದುರ್ಗದ ಸೀಮೆಯಲ್ಲಿ ಪೇಷಣಶಿಲೆಗಳು

ಚಿತ್ರದುರ್ಗದ ಏಳುಸುತ್ತಿನ ಕೋಟೆಯಲ್ಲಿ ಮೇಲುದುರ್ಗಕ್ಕೆ ಹೋಗುವ ಮಾರ್ಗದ ಬಳಿ ಕಲ್ಲಿನಿಂದ ಕಟ್ಟಿದ ಒಂದು ಆಳವಾದ ಗುಂಡಿಯುಂಟು. ಅದರೊಳಗೆ ಸುಮಾರು ಆರು ಅಡಿ ವ್ಯಾಸದ ನಾಲ್ಕು ಮಹಾಶಿಲೆಗಳು ಇವೆ. ಜನರು ಇವನ್ನು ಮದ್ದು ಬೀಸುವ ಕಲ್ಲುಗಳೆಂದು ಕರೆಯುತ್ತಾರೆ. ನಡುವಣ ಹಲ್ಲುಗಾಲಿಯೊಂದನ್ನು ಆನೆಗಳಿಂದಲೋ ಕೋಣಗಳಿಂದಲೋ ತಿರುಗಿಸಿ ನಾಲ್ಕು ಕಲ್ಲುಗಳನ್ನೂ ಏಕಕಾಲದಲ್ಲಿ ನಡೆಸುತ್ತಿದ್ದರೆಂಬುದು ಪರಂಪರೆಯ ಮಾತು. ದುರ್ಗವನ್ನು ನೋಡಲು ಬಂದವರು ಕಲ್ಲುಗಳ ಗಾತ್ರಕ್ಕೆ ಬೆರಗಾಗಿ ಮುಂದೆ ಸಾಗುವುದೇ ರೂಢಿ. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಗಾತ್ರದ್ದಲ್ಲ. ಕಿಡಿ ಸೋಕಿದರೆ ಸಿಡಿಯುವ ವಸ್ತುವನ್ನು ಕಿಡಿಯನ್ನು ಹುಟ್ಟಿಸಬಲ್ಲ ಕಲ್ಲಿನಲ್ಲಿ ಅರೆದುದು ಹೇಗೆ ಎಂಬುದೇ ವಿಚಾರಾರ್ಹವಾದ ಅಂಶ.

ಮೊದಲು ಶಬ್ದವನ್ನು ನೋಡಬೇಕು. ಮದ್ದು ಎಂಬ ಪದಕ್ಕೆ ಕನ್ನಡದಲ್ಲಿ ಔಷಧವೆಂದೂ ಕೋವಿಯ ಪುಡಿಯೆಂದೂ ಎರಡರ್ಥ. ತಮಿಳಿನ ಮರುಂದು, ತೆಲುಗಿನ ಮಂದು ಎಂಬ ಜ್ಞಾತಿಶಬ್ದಗಳಿಗೂ ಈ ದ್ವ್ಯರ್ಥವೇ ಉಂಟು. ಕೋವಿ ಫಿರಂಗಿಗಳು ನಮ್ಮ ನಾಡಿಗೆ ಬಂದಾಗ ಅವುಗಳ ಪುಡಿಗೆ ಹೊಸ ಹೆಸರನ್ನು ಹುಡುಕದೆ ಜನರು ವೈದ್ಯನ ಪುಡಿಯ ಹೆಸರನ್ನೇ ಕೊಟ್ಟರು. ಇದು ಕೇವಲ ಬಣ್ಣದ ಸಾದೃಶ್ಯದಿಂದ ಆದುದೆಂದು ತೋರುವುದಿಲ್ಲ. ಹಲವು ದ್ರವ್ಯಗಳನ್ನು ತೂಗಿ ಕೂಡಿಸಿ, ಒಂದರ ಕಣ ಇನ್ನೊಂದರ ಕಣದಿಂದ ಬೇರೆಯಾಗಿ ಕಾಣದಂತೆ ದೀರ್ಘಕಾಲ ಮರ್ದಿಸುವ ಕ್ರಿಯೆ ಎರಡು ಮದ್ದುಗಳಿಗೂ ಸಮಾನವಾದುದು.

ಬೀಸು, ಅರೆ, ರುಬ್ಬು, ಕುಟ್ಟು, ತೇಯು ಎಂಬ ಧಾತುಗಳನ್ನು ಈಗಿನ ಬರೆಹಗಾರರು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸುವುದುಂಟು. ಗೃಹಿಣಿಯರು ಎಂದಿಗೂ ಹಾಗೆ ಮಾಡುವುದಿಲ್ಲ. ರಾಗಿಯನ್ನು ಬೀಸುವರು, ನೆನೆದ ಅಕ್ಕಿಯನ್ನು ರುಬ್ಬುವರು, ಬತ್ತವನ್ನು ಕುಟ್ಟುವರು, ಗಂಧವನ್ನು ತೇಯುವರು. ಬೀಸುವುದು ಪ್ರಾಯಶಃ ಒಣ ವಸ್ತುವನ್ನು. ಅರೆಯುವುದು ಪ್ರಾಯಶಃ ತೇವವುಳ್ಳ ವಸ್ತುವನ್ನು. ಈ ವಿವೇಕವನ್ನು ಒಪ್ಪಿದರೆ ಕೋಟೆಯ ಕಲ್ಲುಗಳ ಹೆಸರೇ ಒಂದು ತೊಡಕನ್ನು ಒಡ್ಡುತ್ತದೆ. ಒಣ ಮದ್ದನ್ನು ಕಲ್ಲಿನಲ್ಲಿ ಬೀಸುವವನು ಬಹುಕಾಲ ಬದುಕಲಾರನು.

ಕೋವಿಯ ಮದ್ದಿನ ಅಂಗಗಳು ಮೂರು: ಪೆಟ್ಲುಪ್ಪು, ಗಂಧಕ, ಇದ್ದಿಲು. ಯುರೋಪಿನಲ್ಲಿ ಕಡೆಗೆ ನೆಲೆಗೊಂಡ ಪ್ರಮಾಣವು ನೂರರಲ್ಲಿ ಕ್ರಮವಾಗಿ 75, 10, 15 ಭಾಗಗಳು. ಸಂಸ್ಕೃತದಲ್ಲಿ ಶುಕ್ರನೀತಿಯು ಅಗ್ನಿಚೂರ್ಣವೆಂಬ ಹೆಸರಿನಿಂದ ಇದನ್ನೇ ವಿವರಿಸಿ, ಐದು ಪಲ ಉಪ್ಪಿಗೆ ಒಂದೊಂದು ಪಲ ಗಂಧಕವನ್ನೂ ಇದ್ದಿಲನ್ನೂ ವಿಧಿಸುತ್ತದೆ. ಆ ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ತೀವ್ರವಾದ ವಿವಾದವಿದ್ದು, ಅದನ್ನು ತೀರ ಈಚಿನದೆಂದು ಹೇಳುವವರ ಪಕ್ಷವೇ ಬಲವಾದುದು. ಆದಕಾರಣ ಅದರಿಂದ ಪ್ರಾಚೀನ ಭಾರತದಲ್ಲಿ ಕೋವಿಗಳಿದ್ದುವೆಂದು ಸಾಧಿಸಹೊರಡುವುದು ಸಾಹಸವಾದೀತು. ಆದರೆ ಕ್ರಿಯಾವಿಧಿಗೆ ಅದು ಒಳ್ಳೆಯ ಸಾಕ್ಷಿ. ಎಕ್ಕ ಕಳ್ಳಿಗಳ ಇದ್ದಿಲನ್ನು ಸೇರಿಸಿದ ಪುಡಿಗೆ ಗಿಡದ ರಸವನ್ನು ಹಾಕಿ ಬಿಸಿಲಲ್ಲಿ ಒಣಗಿಸಿ ಅನಂತರ ಸಕ್ಕರೆಯಂತೆ ಮಾಡಿಕೊಳ್ಳಬೇಕೆಂದು ಅಲ್ಲಿ ಹೇಳಿದೆ. ರಸವನ್ನು ಹಾಕುವುದೆಂದರೆ ತೇವಗೊಳಿಸುವುದು. ತೇವವಿರುವಷ್ಟು ಹೊತ್ತು ಕಿಡಿಯ ಭಯ ಬಹಳ ಮಟ್ಟಿಗೆ ಕಡಿಮೆಯಾಗುವುದು. ಪೆಟ್ಲುಪ್ಪು ಕೊಂಚ ಕರಗಿ ಇದ್ದಿಲಿನ ರಂಧ್ರಗಳನ್ನು ಹೊಗುವುದರಿಂದ ಮದ್ದಿನ ಗುಣವೂ ಹೆಚ್ಚುವುದು. ಪಶ್ಚಿಮದೇಶದ ಕಾರ್ಖಾನೆಗಳಲ್ಲಿಯೂ ಮದ್ದನ್ನು ನೀರು ಚಿಮುಕಿಸಿಯೇ ಮರ್ದಿಸುತ್ತಿದ್ದರು. ಅಲ್ಲಿ ಉರುಳುಗಲ್ಲುಗಳಿಗೆ ಬೆಣಚಿಲ್ಲದ ಸುಣ್ಣಕಲ್ಲನ್ನು ಆರಿಸುತ್ತಿದ್ದುದೂ, ಗುಂಡುಗಳಿಂದ ಅರೆಯುವ ಪೀಪಾಯಿಗಳಲ್ಲಿ ಉಕ್ಕನ್ನು ಬಿಟ್ಟು ಕಂಚಿನ ಗುಂಡುಗಳನ್ನು ಹಾಕುತ್ತಿದ್ದುದೂ ಕಿಡಿಯ ಭಯದಿಂದಲೇ.

ದುರ್ಗದ ಬೆಟ್ಟಗಳಾದರೋ ಗ್ರಾನೈಟಿನವು. ಗ್ರಾನೈಟಿನಲ್ಲಿ ಬೆಣಚು ಹೇರಳವಾಗಿದೆ. ಇಲ್ಲಿಯ ಕಲ್ಲುಕುಟಿಗನು ಕಾಲ ಬುಡದಲ್ಲಿದ್ದ ಶಿಲೆಯನ್ನೇ ತೆಗೆದುಕೊಂಡನು. ಕಿಡಿಯ ನಿವಾರಣೆಯನ್ನು ಶಿಲೆಗೆ ಒಪ್ಪಿಸದೆ ನೀರಿಗೆ ಒಪ್ಪಿಸಿರಬೇಕು. ಹೆಸರಿನಲ್ಲಿ ಬೀಸುವುದೆಂದಿರುವುದು ಕಲ್ಲಿನ ಚಕ್ರಗತಿಯನ್ನು ನೋಡಿ ಬಂದ ವ್ಯವಹಾರವೆಂದೂ, ಒಳಗೆ ನಡೆಯುತ್ತಿದ್ದುದು ಅರೆಯುವ ಕ್ರಿಯೆಯೆಂದೂ ತಿಳಿದರೆ ಶಬ್ದಕ್ಕೂ ವಸ್ತುವಿಗೂ ಇರುವ ವಿರೋಧ ಪರಿಹಾರವಾಗುತ್ತದೆ. 1779ರಲ್ಲಿ ಹೈದರಲಿಯು ಕಡೆಯ ಮದಕರಿನಾಯಕನಿಂದ ದುರ್ಗವನ್ನು ಕಿತ್ತುಕೊಳ್ಳುವವರೆಗೆ ಅದು ಹಲವು ಮುತ್ತಿಗೆಗಳನ್ನು ತಡೆದುದಕ್ಕೆ ಬಂಡೆಗಳೊಂದಿಗೆ ಈ ಗುಂಡಿಯಂಥ ಸ್ಥಳಗಳಲ್ಲಿ ದುಡಿದವರೂ ಕಾರಣರು. ಓಬವ್ವೆಯ ಒನಕೆಯನ್ನು ಮಕ್ಕಳೂ ಬಲ್ಲರು. ಮದ್ದರೆದವರ ಹೆಸರನ್ನು ಯಾರೂ ಹೇಳುವುದಿಲ್ಲ.

ಅರೆಯುವ ಸಾಧನವು ತಾನೂ ಸವೆಯುತ್ತದೆ, ಸವೆದುದು ಅರೆದ ವಸ್ತುವಿನಲ್ಲಿಯೇ ಸೇರುತ್ತದೆ. ಇದನ್ನು ನಮ್ಮ ರಸಶಾಸ್ತ್ರಕಾರರು ಚೆನ್ನಾಗಿ ಬಲ್ಲವರಾಗಿದ್ದರು. ರಸರತ್ನಸಮುಚ್ಚಯವು ಖಲ್ವಕ್ಕೆ ತಕ್ಕ ಶಿಲೆ ಕಪ್ಪಾಗಿಯೂ ನುಣುಪಾಗಿಯೂ ದೃಢವಾಗಿಯೂ ಭಾರವಾಗಿಯೂ ಇರಬೇಕೆಂದು ಲಕ್ಷಣ ಹೇಳಿ, ಕಾಯಿಸಿ ಮರ್ದಿಸುವ ತಪ್ತಖಲ್ವಕ್ಕೆ ಮಾತ್ರ ಲೋಹವನ್ನು ವಿಧಿಸುತ್ತದೆ. ರೋಗಿಯ ಹೊಟ್ಟೆಗೆ ಮರಳು ಹೋಗಬಾರದೆಂಬುದೇ ನುಣುಪಿನ ತಾತ್ಪರ್ಯ.

ಹೊಸದುರ್ಗದ ತಾಲ್ಲೂಕಿನ ಮತ್ತೋಡಿನಲ್ಲಿ ಈ ವಿಷಯ ಬೇರೊಂದು ರೂಪದಲ್ಲಿ ಬರುತ್ತದೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿ 1807ರಲ್ಲಿ ತನ್ನ ಪ್ರವಾಸಗ್ರಂಥವನ್ನು ಅಚ್ಚುಹಾಕಿಸಿದ ಫ್ರಾನ್ಸಿಸ್ ಬುಕಾನನ್ನನು ಅಲ್ಲಿಯ ಗಾಜಿನ ಬಳೆಗಳ ಉದ್ಯೋಗವನ್ನು ವಿಸ್ತಾರವಾಗಿ ಬಣ್ಣಿಸಿದ್ದಾನೆ. ಊರಿನ ಕೋಟೆಗೋಡೆಗೆ ಒಳಗಡೆಯಿಂದ ಆನಿಸಿ ಕಟ್ಟಿದ ಜಗಲಿಯಲ್ಲಿ ಕುಲುಮೆಗಳು. ಸವುಳುಮಣ್ಣಿನಿಂದ ತೆಗೆದ ಕ್ಷಾರ. ಪುಡಿಮಾಡಿದ ಬಿಳಿಯ ಬೆಣಚುಕಲ್ಲು. ಕಪ್ಪು, ಹಸುರು, ಕೆಂಪು, ನೀಲಿ, ಹಳದಿ ಎಂಬ ಐದು ವರ್ಣಗಳ ಬಳೆಗಳು. ಬೆಣಚು ಉಕ್ಕಿಗಿಂತ ಗಟ್ಟಿ. ಅದನ್ನು ಕಬ್ಬಿಣದಿಂದ ಕುಟ್ಟಿದರೆ ಕಬ್ಬಿಣವೇ ಸವೆದು ಪುಡಿಯೊಳಗೆ ಬೆರೆಯುವುದು. ಕಬ್ಬಿಣ ಬೆರೆತ ಗಾಜು ಹಸುರುಗಟ್ಟುವುದು. ಸ್ವಚ್ಛವಾದ ಬಿಳಿಯ ಗಾಜನ್ನು ಬಯಸುವವನಿಗೆ ಇದು ದೋಷ. ಕಪ್ಪು ಹಸುರು ಬಳೆಗಳನ್ನು ಎರೆಯುವವನಿಗೆ ದೋಷವಲ್ಲ. ಅದೂ ಅಲ್ಲದೆ ಸವುಳುಮಣ್ಣಿನಲ್ಲಿಯೇ ಕಬ್ಬಿಣವಿರುವಾಗ ಒನಕೆಯ ಶುದ್ಧಿಯನ್ನು ನೋಡಿ ಫಲವೇನು? ಮತ್ತೋಡಿನ ಕುಶಲಿಗಳು ತಮ್ಮ ನೆಲದಲ್ಲಿ ದೊರೆತ ವಸ್ತುವಿಗೆ ಒಪ್ಪುವ ವರ್ಣಗಳನ್ನು ಆರಿಸಿಕೊಂಡರೆಂದರೆ ತಪ್ಪಾಗದು. ಆ ಉದ್ಯೋಗವು ಕಾಲಕ್ರಮದಲ್ಲಿ ನಿಂತುಹೋಯಿತು.

ಹಿರಿಯೂರಿನ ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರೈಸಿದ ವಾಣೀವಿಲಾಸ ಸಾಗರದ ಕಟ್ಟೆಯು ಸುಣ್ಣ ಸುರ್ಕಿಗಳ ಗಾರೆಯದು. ಗಾರೆಯಲ್ಲಿ ಕಲ್ಲಿನ ಪುಡಿಯಾಗಲಿ ಕಬ್ಬಿಣದ ಪುಡಿಯಾಗಲಿ ಅಷ್ಟಿಷ್ಟು ಸೇರಿದರೆ ಬಾಧಕವಿಲ್ಲ. ಅಂತಹ ಕಡೆ ಭಾರವೊಂದೇ ಪ್ರಮಾಣ.

ಆಧುನಿಕ ಯಂತ್ರಾಗಾರಗಳಲ್ಲಿ ಬೀಸುವ ಕಲ್ಲಿನ ಸ್ಥಾನವನ್ನು ಬಾಲ್ ಮಿಲ್ ಎಂಬ ಉರುಳುವ ಪೀಪಾಯಿಯು ಬಹುಮಟ್ಟಿಗೆ ಪಡೆದಿದೆ. ಪೀಪಾಯಿಯು ತೀರ ವೇಗವಾಗಿ ಸುತ್ತಿದರೆ ಗುಂಡುಗಳು ಗೋಡೆಗೇ ಅಂಟಿಕೊಂಡು ತಿರುಗುವುವಲ್ಲದೆ ಕೆಳಗೆ ಬಿದ್ದು ಅರೆಯವು; ಒಂದೂವರೆ ಮೀಟರ್ ವ್ಯಾಸದ ಪೀಪಾಯಿಗೆ ಆ ಅವಧಿ ನಿಮಿಷಕ್ಕೆ ಸುಮಾರು 34 ಸುತ್ತು. ಆದ್ದರಿಂದ ಅದನ್ನು 22ರಿಂದ 26 ಸುತ್ತುಗಳಲ್ಲಿ ನಡೆಸುವರು. ಇನ್ನು ಗುಂಡು ಯಾವುದರದಾಗಿರಬೇಕು? 50 ಮಿಲಿಮೀಟರ್ ವ್ಯಾಸದ ಚಕಮಕಿಕಲ್ಲಿನ ಗುಂಡು ಸುಮಾರು 170 ಗ್ರಾಂ, ಅಲ್ಯುಮಿನಾ ಗುಂಡು 235, ಜಿರ್ಕೋನಿಯಾ 390, ಉಕ್ಕು 510 ಗ್ರಾಂ ತೂಗುತ್ತವೆ. ಪೆಟ್ಟಿನ ಬಲವನ್ನು ಮಾತ್ರ ನೋಡಿದರೆ ಉಕ್ಕೇ ಶ್ರೇಷ್ಠ. ಸಾಧಾರಣ ಸಿಮೆಂಟಿಗೂ ತಾಮ್ರದ ಅದಿರಿಗೂ ಅದನ್ನೇ ಬಳಸುವರು. ಚಿತ್ರದುರ್ಗಕ್ಕೆ ಸಮೀಪದ ಇಂಗಳಧಾಳಿನ ತಾಮ್ರದ ಅದಿರು ಈ ವರ್ಗದ್ದು. ಆದರೆ ಪಿಂಗಾಣಿಯ ಮಣ್ಣಿಗೆ, ಮೆರುಗಿಗೆ, ಬಿಳಿಯ ಸಿಮೆಂಟಿಗೆ ಉಕ್ಕು ಸಲ್ಲದು; ಒಂದಿಷ್ಟು ಕಬ್ಬಿಣವು ಬೆರೆತರೂ ಸುಟ್ಟ ಪಿಂಗಾಣಿಯಲ್ಲಿ ಕರಿಯ ಚುಕ್ಕೆ ಏಳುತ್ತದೆ. ಅಲ್ಲಿ ಚಕಮಕಿಯ ಗುಂಡುಗಳನ್ನೋ ಪಿಂಗಾಣಿಯ ಗುಂಡುಗಳನ್ನೋ ಹಾಕುವರು; ಹೆಚ್ಚು ಗಟ್ಟಿ ಬೇಕಾದಲ್ಲಿ ಅಲ್ಯುಮಿನಾ. ಭಾರವೂ ಶುದ್ಧಿಯೂ ಒಟ್ಟಿಗೆ ಬೇಕಾದಲ್ಲಿ ಜಿರ್ಕೋನಿಯಾ ಗುಂಡನ್ನು ಅದರ ಅಧಿಕ ಬೆಲೆಯನ್ನು ತೆತ್ತಾದರೂ ತರುವರು. ಪೀಪಾಯಿಯ ಒಳಮೈಗೂ ಅಂಥದೇ ಹೊದಿಕೆ ಬೇಕು. ಗುಂಡನ್ನು ಆರಿಸಿ ಹೊದಿಕೆಯನ್ನು ಮರೆತವನು, ನುಣುಪಾದ ಗುಂಡುಕಲ್ಲನ್ನು ತಂದು ಒರಟಾದ ಒರಳಿನಲ್ಲಿ ಅರೆದ ವೈದ್ಯನಿಗೆ ಸಮಾನನು.

ಕೌಟಿಲ್ಯನು ಕೋಷ್ಠಾಗಾರದ ಉಪಕರಣಗಳನ್ನು ಎಣಿಸುವಾಗ ದೃಷತ್ತು, ಮುಸಲ, ಉಲೂಖಲಗಳನ್ನು ತಕ್ಕಡಿ ಅಳತೆಗಳ ಸಾಲಿನಲ್ಲಿಯೇ ಹೇಳುತ್ತಾನೆ. ದುರ್ಗದ ಗುಂಡಿಯಲ್ಲಿರುವ ನಾಲ್ಕು ಕಲ್ಲುಗಳ ಮುಖವನ್ನೂ ಸವೆತದ ದಿಕ್ಕನ್ನೂ ಶಿಲಾಜಾತಿಯನ್ನೂ ಇದೇ ಬಗೆಯ ಲೆಕ್ಕದ ಕಣ್ಣಿನಿಂದ ಅಳೆದು ಬರೆದಿಡುವ ಕೆಲಸವು ಶಾಸನಗಳ ಪಾಠವನ್ನು ಎತ್ತಿಕೊಳ್ಳುವ ಕೆಲಸಕ್ಕಿಂತ ಕಡಿಮೆಯದಲ್ಲ. ಹಲ್ಲುಗಾಲಿ ನಿಂತಿದ್ದ ನಡುವಣ ತಾಣವನ್ನು ಅಳೆದರೆ ಒಂದು ಸುತ್ತಿಗೆ ಕಲ್ಲುಗಳು ಎಷ್ಟು ಸಲ ತಿರುಗುತ್ತಿದ್ದುವೆಂಬುದನ್ನು ಕೂಡ ಗಣಿಸಲು ದಾರಿಯಾಗುವುದು.