ಕಿವಿಗೆ ಒಂಬತ್ತು ವೋಲ್ಟ್

"ಸರ, ಹೆಡ್‌ಫೋನ್ ಹಾಕ್ಕೊಂಡು ಕೇಳಾಕ ಚಲೋ ಸಿಡಿ ಪ್ಲೇಯರ್ ಯಾವ್ದರಿ?" ಎಂದು ಧಾರವಾಡದ ಹುಡುಗರು ನನ್ನನ್ನು ಈಗಲೂ ಕೇಳುತ್ತಾರೆ. ನಾನು ಕಂಪನಿಯ ಹೆಸರು ಹೇಳುವುದಿಲ್ಲ. ಪ್ಲೇಯರನ್ನು ತಿರುಗಿಸಿ, ಅಡಾಪ್ಟರ್ ಚುಚ್ಚುವ ತೂತಿನ ಪಕ್ಕ ಎಷ್ಟು ವೋಲ್ಟ್ ಎಂದು ಬರೆದಿದೆ ನೋಡು ಅನ್ನುತ್ತೇನೆ. ಒಂಬತ್ತೋ, ನಾಲ್ಕೂವರೆಯೋ, ಮೂರೋ? ಹೆಗಲಿಗೆ ಹಾಕಿಕೊಂಡು ತಿರುಗುವ ಸಿಡಿ ಪ್ಲೇಯರುಗಳ ಕಥೆಯೆಲ್ಲ ಆ ಅಂಕಿ ಇಳಿಯುತ್ತ ಹೋದ ಕಥೆ.

ಮೊದಲ ಸಿಡಿ ಪ್ಲೇಯರ್ ಹೆಗಲ ಮೇಲಿನ ಯಂತ್ರವಾಗಿರಲಿಲ್ಲ. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿಯ ಸಿಡಿಪಿ-101 ಮನೆಯ ಕರೆಂಟಿನಲ್ಲಿ ನಡೆಯುತ್ತಿತ್ತು. ಬೆಲೆ 1,68,000 ಯೆನ್. ಅದರ ಮುಖದ ಮೇಲೆಯೇ ಹೆಡ್‌ಫೋನ್ ಜ್ಯಾಕ್ ಇತ್ತು, ದನಿ ಏರಿಸಲು ಇಳಿಸಲು ಬೇರೆಯದೇ ಗುಂಡಿಯೂ ಇತ್ತು. ಅಂಕಿಗಳನ್ನು ಮತ್ತೆ ನಾದವಾಗಿಸುವ 16 ಬಿಟ್ ಚಿಪ್ ಆಗ ಬಲು ದುಬಾರಿ. ಹಾಗಾಗಿ ಸೋನಿಯವರು ಒಂದೇ ಚಿಪ್ಪನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ದುಡಿಸಿದರು. ಫಲವಾಗಿ ಒಂದು ಕಿವಿಯ ದನಿ ಇನ್ನೊಂದಕ್ಕಿಂತ ಸುಮಾರು 11 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತಿತ್ತು. ಇದನ್ನು ದೊಡ್ಡ ದೋಷವೆಂದು ಬರೆದವರುಂಟು, ನಾನು ಒಪ್ಪುವುದಿಲ್ಲ. ಅಷ್ಟು ಹೊತ್ತಿನಲ್ಲಿ ಶಬ್ದ ಸಾಗುವ ದೂರ ನಾಲ್ಕು ಮಿಲಿಮೀಟರು ಕೂಡ ಇಲ್ಲ. ತಲೆಯ ಮೇಲೆ ಹೆಡ್‌ಫೋನ್ ತುಸು ಜಾರಿದರೂ ಹೆಚ್ಚುಕಡಿಮೆ ಅಷ್ಟೇ ವ್ಯತ್ಯಾಸ. ಅತ್ತ ಫಿಲಿಪ್ಸ್‌ನವರ ಕೈಯಲ್ಲಿದ್ದದ್ದು ಟಿಡಿಎ1540 ಎಂಬ 14 ಬಿಟ್‌ನ ಚಿಪ್. ಕಿವಿಗೊಂದರಂತೆ ಎರಡು ಇಟ್ಟು, ಮಾದರಿಗಳ ವೇಗವನ್ನು ನಾಲ್ಕು ಪಟ್ಟು ಹೆಚ್ಚಿಸುವ ಜಾಣತನದಿಂದ 16 ಬಿಟ್‌ನ ಹತ್ತಿರ ಬಂದರು.

ಎರಡೇ ವರ್ಷದಲ್ಲಿ ಸೋನಿಯ ಓಸೊನೆ ಕೋಜೊ ತನ್ನ ಎಂಜಿನಿಯರುಗಳ ಮುಂದೆ ಒಂದು ಮರದ ತುಂಡನ್ನಿಟ್ಟ. ಸುಮಾರು 13 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ದಪ್ಪ. ನಾಲ್ಕು ಸಿಡಿ ಡಬ್ಬಿ ಪೇರಿಸಿದರೆ ಎಷ್ಟೋ ಅಷ್ಟು. ಯಂತ್ರ ಇದಕ್ಕಿಂತ ದೊಡ್ಡದಾಗಕೂಡದು ಎಂಬುದು ಅಪ್ಪಣೆ. ಹಾಗೆ ಹುಟ್ಟಿದ್ದು 1984ರ ನವೆಂಬರಿನ ಡಿ-50. ಬೆಲೆ 49,800 ಯೆನ್, ಅಂದರೆ ಮೊದಲಿನದರ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಸೆಲ್ ಹಾಕುವ ಜಾಗ ಅದರ ಹೊಟ್ಟೆಯಲ್ಲಿರಲಿಲ್ಲ. ಆರು ದಪ್ಪ ಸೆಲ್ ಹಿಡಿಸುವ ಬೇರೆ ಪೆಟ್ಟಿಗೆ ಕಟ್ಟಿಕೊಂಡು ಹೆಗಲಿಗೆ ತೂಗಿಸಬೇಕಿತ್ತು. ಆದರೆ ಆರು ಸೆಲ್ ಎಂದರೆ ಒಂಬತ್ತು ವೋಲ್ಟ್. ಕಿವಿಗೆ ಬೇಕಾದದ್ದು ಅದೇ.

ಆಮೇಲೆ ಜನ ಕೇಳಿದ್ದು ತೆಳ್ಳನೆಯ ಯಂತ್ರ, ಹೆಚ್ಚು ಹೊತ್ತು ಬರುವ ಸೆಲ್. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಎರಡು ಪೆನ್ಸಿಲ್ ಸೆಲ್ ಸಾಕಾಯಿತು, ಅಂದರೆ ಮೂರು ವೋಲ್ಟ್. ಮೂರು ವೋಲ್ಟಿನೊಳಗೆ ಅಲೆಯನ್ನು ಎಷ್ಟು ಎಳೆದರೂ ಹೆಡ್‌ಫೋನಿಗೆ ಸಿಗುವುದು ಹೆಚ್ಚೆಂದರೆ ಒಂದು ವೋಲ್ಟಿನ ಆಸುಪಾಸು. ಸೆನ್‌ಹೈಸರ್ ಎಚ್‌ಡಿ 600ರಂಥ 300 ಓಮ್‌ನ ಹೆಡ್‌ಫೋನಿಗೆ ಅದು ಮೂರು ಚಿಲ್ಲರೆ ಮಿಲಿವ್ಯಾಟ್. ವಿಲಂಬಿತ ಆಲಾಪಕ್ಕೆ ಅಷ್ಟು ಸಾಕಾಗಬಹುದು, ತಾನಿನ ಭರಾಟೆಗೆ ಸಾಲದು, ದನಿ ಚಪ್ಪಟೆಯಾಗುತ್ತದೆ. ಒಳಗೇ ವೋಲ್ಟ್ ಏರಿಸಿಕೊಳ್ಳುವ ಮಾದರಿಗಳೂ ಇವೆ. ಆದ್ದರಿಂದ ತೂತಿನ ಪಕ್ಕದ ಅಂಕಿಯೇ ಕೊನೆಯ ಮಾತಲ್ಲ, ಮೊದಲ ಮಾತು.

ನಾದ ಕದ್ದ ಮೊದಲ ಕಳ್ಳ ಈ ಇಳಿದ ವೋಲ್ಟ್; ಎರಡನೆಯ ಕಳ್ಳ ಕೆಪಾಸಿಟರ್. ಹೆಡ್‌ಫೋನ್ ಜ್ಯಾಕಿನ ಹಿಂದೆ ಡಿಸಿ ತಡೆಯಲು ಪ್ರತಿ ಕಿವಿಗೂ ಒಂದೊಂದು ಇರುತ್ತಿತ್ತು. ಜಾಗ ಉಳಿಸಲು ಅದನ್ನೂ ಸಣ್ಣದು ಮಾಡಿದರು. 100 ಮೈಕ್ರೊಫ್ಯಾರಡ್ ಕೆಪಾಸಿಟರಿಗೆ 16 ಓಮ್‌ನ ಇಯರ್‌ಫೋನ್ ಸಿಕ್ಕಿಸಿದರೆ 100 ಹರ್ಟ್ಸ್ ಹತ್ತಿರವೇ ಮಂದ್ರ ಇಳಿಯಲು ಶುರು. ತಬಲಾದ ಡಗ್ಗಾದ ಗುಮ್ಮೆನ್ನುವ ಮೀಂಡು ಇರುವುದೇ ಅಲ್ಲಿ. ಅದೇ ಜಾಗಕ್ಕೆ 220 ಹಾಕಿ 32 ಓಮ್‌ನ ಹೆಡ್‌ಫೋನ್ ಕೊಟ್ಟರೆ ಆ ಗೆರೆ 23 ಹರ್ಟ್ಸಿಗೆ ಇಳಿಯುತ್ತದೆ. ಯಂತ್ರದ ಮೇಲೆ ಬಣ್ಣದ ಅಕ್ಷರದಲ್ಲಿ ಬರೆದ 'ಮೆಗಾ ಬಾಸ್' ಎಷ್ಟೋ ಸಲ ಈ ಹರಕನ್ನು ಮುಚ್ಚುವ ತೇಪೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಕೆಪಾಸಿಟರ್ ತರಿಸಿ ನಾನು ಹಳೆಯ ಪ್ಲೇಯರುಗಳಿಗೆ ಬೆಸುಗೆ ಹಾಕುತ್ತೇನೆ. ಖರ್ಚು ಒಂದು ಚಹಾದಷ್ಟು.

ಮೂರನೆಯದು ಬಸ್ಸಿನ ಕುಲುಕಾಟಕ್ಕೆ ಹುಡುಕಿದ ಮದ್ದು. ತೊಂಬತ್ತರ ದಶಕದಲ್ಲಿ ಬಂದ ಇಎಸ್‌ಪಿಯಲ್ಲಿ ಡಿಸ್ಕು ಬೇಗ ತಿರುಗಿ, ಮುಂದಿನ ಸಂಗೀತವನ್ನು ಮೊದಲೇ ಮೆಮರಿಗೆ ತುಂಬುತ್ತದೆ. ಲೇಸರ್ ಜಾರಿದರೂ ಹಾಡು ತುಂಡಾಗದು. ಲೆಕ್ಕ ಹಾಕಿ ನೋಡಿ: ಸಿಡಿಯಿಂದ ಸೆಕೆಂಡಿಗೆ 14 ಲಕ್ಷ ಬಿಟ್ ಬರುತ್ತವೆ, 16 ಮೆಗಾಬಿಟ್ ಮೆಮರಿ ತುಂಬಲು 12 ಸೆಕೆಂಡೂ ಬೇಡ. ಆದರೆ ಡಬ್ಬಿಯ ಮೇಲೆ 40 ಸೆಕೆಂಡ್ ಎಂದು ಬರೆದಿರುತ್ತದೆ! ಮೆಮರಿ ಹೆಚ್ಚಿರದಿದ್ದರೆ ಸಂಗೀತವನ್ನೇ ಹಿಂಡಿ ತುಂಬಿದ್ದಾರೆ ಎಂದೇ ಅರ್ಥ. ಮನೆಯಲ್ಲಿ ಕೂತು ಕೇಳುವವರು ಇಎಸ್‌ಪಿಯನ್ನು ಆಫ್ ಮಾಡಬೇಕು. ಅದನ್ನು ಆಫ್ ಮಾಡಲು ಬಾರದ ಯಂತ್ರವನ್ನು ನಾನು ಕೊಳ್ಳುವುದಿಲ್ಲ.

ಈ ಇಳಿತಕ್ಕೆ ಉತ್ತರ ಕೊಟ್ಟವರು ದೊಡ್ಡ ಕಂಪನಿಗಳಲ್ಲ, ಹವ್ಯಾಸಿಗಳು. ಅಮೆರಿಕದ ಮೊಂಟಾನಾ ರಾಜ್ಯದ ಬೋಜ್‌ಮನ್ ಊರಿನಲ್ಲಿ ಟೈಲ್ ಹರ್ಟ್‌ಸೆನ್ಸ್ ಎಂಬಾತ ತೊಂಬತ್ತರ ದಶಕದ ಆರಂಭದಲ್ಲಿ ಹೆಡ್‌ರೂಮ್ ಎಂಬ ಸಂಸ್ಥೆ ಕಟ್ಟಿ, ಹೆಡ್‌ಫೋನಿಗೆಂದೇ ಬೇರೆ ಆಂಪ್ಲಿಫೈಯರ್ ಮಾರತೊಡಗಿದ. ಚು ಮೊಯ್ ಎಂಬ ಇನ್ನೊಬ್ಬ ಹವ್ಯಾಸಿ ಬರೆದ ಪುಟ್ಟ ಸರ್ಕ್ಯೂಟನ್ನು ಜನ ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಕೂರಿಸಿದರು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ, ಒಂದು ಆಪ್-ಆಂಪ್ ಚಿಪ್, ಅಷ್ಟೇ. ಪ್ಲೇಯರಿನ ಲೈನ್ ಔಟ್‌ನಿಂದ ತಂತಿ ಎಳೆದರೆ ಯಂತ್ರದ ಬಡ ಆಂಪ್ಲಿಫೈಯರನ್ನು ದಾಟಿ ಹೋಗಬಹುದು. ತೆಳ್ಳಗಾಗುವ ಭರದಲ್ಲಿ ಕಳೆದುಹೋದ ಒಂಬತ್ತು ವೋಲ್ಟನ್ನು ಕೇಳುಗರು ಹೀಗೆ ಹಿಂದಕ್ಕೆ ಪಡೆದರು.

ಸಿಡಿ ಪ್ಲೇಯರಿನ ಮಾತು ಬಂದಾಗ ಏಳುವ ಪ್ಲೇಸ್ಟೇಷನ್ ಪುರಾಣವನ್ನೂ ಹೇಳಿಬಿಡುತ್ತೇನೆ. ಮೊದಮೊದಲ ಪ್ಲೇಸ್ಟೇಷನ್‌ಗಳ ಹಿಂದೆ ಆರ್‌ಸಿಎ ಜ್ಯಾಕುಗಳಿದ್ದವು, ಸಿಡಿಯೂ ನುಡಿಯುತ್ತಿತ್ತು. ಅದು ಸಾವಿರಾರು ಡಾಲರಿನ ಪ್ಲೇಯರಿಗೆ ಸಮ ಎಂಬ ಸುದ್ದಿ ಹಬ್ಬಿ ಜನ ಮುಗಿಬಿದ್ದರು. ನನ್ನ ಕಿವಿಗೆ ಅದು ಹಿತವಾದ ಆಟದ ಯಂತ್ರ, ಅದಕ್ಕಿಂತ ಹೆಚ್ಚಲ್ಲ. ಹೆಡ್‌ಫೋನ್ ಜ್ಯಾಕ್ ಅಂತೂ ಅದಕ್ಕೆ ಇಲ್ಲ.

ನಮ್ಮ ಕಡೆ ಹೆಗಲಿಗೆ ಹಾಕುವ ಸಿಡಿ ಪ್ಲೇಯರುಗಳು ಅಂಗಡಿಯಿಂದ ಬಂದದ್ದಕ್ಕಿಂತ ಕೊಲ್ಲಿಯಿಂದ ಮರಳುವವರ ಸೂಟ್‌ಕೇಸಿನಲ್ಲಿ, ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗಳಲ್ಲಿ ಬಂದದ್ದೇ ಹೆಚ್ಚು. ಇವತ್ತು ಸಿಗುವುದು ಬಹುತೇಕ ಸೆಕೆಂಡ್‌ಹ್ಯಾಂಡ್. ಸೆಲ್ ಸೋರಿ ಪತ್ತಿಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಮುಟ್ಟಬೇಡಿ. ಡಿಸ್ಕಿನ ಕೊನೆಯ ಟ್ರ್ಯಾಕಿಗೆ ಹಾರಿಸಿ ನೋಡಿ, ಲೇಸರ್ ಅಲ್ಲಿಯವರೆಗೂ ಸಲೀಸಾಗಿ ಹೋಗಬೇಕು. ಹಿಸ್ ಪರೀಕ್ಷಿಸಲು ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣ ಹಾಕಿ, ತಂಬೂರಿಯ ಹಿಂದೆ ಸುಯ್ಯೆನ್ನುತ್ತದೆ ಎಂದು ಯಂತ್ರವನ್ನು ಬೈಯಬೇಡಿ, ಅದು ಮೂಲ ಟೇಪಿನದೇ ಇದ್ದೀತು. ಎರಡು ಟ್ರ್ಯಾಕುಗಳ ನಡುವಿನ ಪೂರಾ ಖಾಲಿ ಜಾಗದಲ್ಲಿ ವಾಲ್ಯೂಮ್ ಏರಿಸಿ ಕಿವಿಗೊಡಿ. ಅಲ್ಲೂ ಸುಯ್ಯೆಂದರೆ ತಪ್ಪು ಯಂತ್ರದ್ದೇ. ನಿಮ್ಮದೇ ಡಿಸ್ಕು, ನಿಮ್ಮದೇ ಹೆಡ್‌ಫೋನ್ ಒಯ್ಯಿರಿ. ದಪ್ಪಗಿದ್ದರೂ ಪರವಾಗಿಲ್ಲ, ಲೈನ್ ಔಟ್ ಇರುವುದನ್ನೇ ತೆಗೆದುಕೊಳ್ಳಿ.