ಕರ್ನಾಟಕದಲ್ಲಿ ಕ್ರಿಕೆಟ್ ಮತ್ತು ಕಬಡ್ಡಿಯ ಜನಪ್ರಿಯತೆಯ ಚರ್ಚೆ

ಕ್ರಿಕೆಟ್ ಮತ್ತು ಕಬಡ್ಡಿಯ ಜನಪ್ರಿಯತೆಯ ಚರ್ಚೆ ಎಂಬುದು ಈ ಎರಡು ಆಟಗಳಲ್ಲಿ ಯಾವುದು ಹೆಚ್ಚು ಜನಪ್ರಿಯ, ಯಾವುದು ನಿಜವಾದ ಅರ್ಥದಲ್ಲಿ ವಿಶ್ವಕ್ರೀಡೆ ಎಂಬ ವಿಷಯದಲ್ಲಿ ಅಭಿಮಾನಿಗಳ ನಡುವೆ ನಡೆದುಬಂದಿರುವ ವಾದವಾಗಿದೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ನಂತರ ಈ ವಾದಕ್ಕೆ ಹೊಸ ಬಲ ಬಂದಿತು. ನೋಡುಗರ ಸಂಖ್ಯೆ, ಆಡುವವರ ಸಂಖ್ಯೆ ಮತ್ತು ಆಡುವ ದೇಶಗಳ ಸಂಖ್ಯೆ ಎಂಬ ಮೂರು ಅಳತೆಗಳು ಇದರಲ್ಲಿ ಬಳಕೆಯಾಗುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳು ಎರಡೂ ಆಟಗಳು ಬೇರೂರಿರುವ ಪ್ರದೇಶಕ್ಕೆ ಒಳ್ಳೆಯ ಉದಾಹರಣೆಗಳಾಗಿವೆ.

ಹಿನ್ನೆಲೆ

ಬ್ರಿಟಿಷರ ಮೂಲಕ ಭಾರತಕ್ಕೆ ಬಂದ ಕ್ರಿಕೆಟ್ ಮೈಸೂರು ಸಂಸ್ಥಾನದಲ್ಲಿ ಮೊದಲು ಬೆಂಗಳೂರು, ಮೈಸೂರು ನಗರಗಳಲ್ಲಿ ನೆಲೆಗೊಂಡಿತು. 1973–74ರಲ್ಲಿ ಕರ್ನಾಟಕ ತಂಡವು ಸೆಮಿಫೈನಲ್‌ನಲ್ಲಿ ಬಾಂಬೆಯನ್ನೂ ಫೈನಲ್‌ನಲ್ಲಿ ರಾಜಸ್ಥಾನವನ್ನೂ ಸೋಲಿಸಿ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. 1983ರ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಕರ್ನಾಟಕದ ಸಯ್ಯದ್ ಕಿರ್ಮಾನಿ ವಿಕೆಟ್ ಕೀಪರ್ ಆಗಿದ್ದರು. ರೋಜರ್ ಬಿನ್ನಿ 18 ವಿಕೆಟ್ ಪಡೆದು ಆ ಪಂದ್ಯಾವಳಿಯ ಅತ್ಯಂತ ಯಶಸ್ವಿ ಬೌಲರ್ ಆದರು. ರೇಡಿಯೋ ಮತ್ತು ದೂರದರ್ಶನಗಳು ಈ ಗೆಲುವುಗಳ ಸುದ್ದಿಯನ್ನು ಹಳ್ಳಿಗಳಿಗೆ ತಲುಪಿಸಿದವು.

ಕಬಡ್ಡಿ ಭಾರತದ ಹಲವು ಭಾಗಗಳಲ್ಲಿ ಬೇರೆಬೇರೆ ಹೆಸರುಗಳಿಂದ ಆಡಲಾಗುತ್ತಿದ್ದ ಆಟ. ಮಹಾರಾಷ್ಟ್ರದಲ್ಲಿ ಹುತುತು, ತಮಿಳುನಾಡಿನಲ್ಲಿ ಚೆಡುಗುಡು ಎಂಬ ಹೆಸರುಗಳಿದ್ದವು. 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲದವರು ಇದನ್ನು ಪ್ರದರ್ಶಿಸಿದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನ ಪಂದ್ಯವಾಗಿದ್ದ ಕಬಡ್ಡಿ, 1990ರ ಬೀಜಿಂಗ್ ಕೂಟದಲ್ಲಿ ಪದಕದ ಸ್ಪರ್ಧೆಯಾಯಿತು. ಮಹಿಳೆಯರ ಕಬಡ್ಡಿ 2010ರ ಗುವಾಂಗ್‌ಝೌ ಕೂಟದಲ್ಲಿ ಸೇರ್ಪಡೆಯಾಯಿತು.

ಕಡೂರು, ತರೀಕೆರೆ ಮತ್ತು ಅಜ್ಜಂಪುರ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಜಿಲ್ಲೆಯ ಪೂರ್ವ ಭಾಗದಲ್ಲಿರುವ ಕಡೂರು ಮತ್ತು ಅಜ್ಜಂಪುರಗಳು ಬಯಲುಸೀಮೆಯ ಗುಣವುಳ್ಳವು. ತರೀಕೆರೆಯ ಪಶ್ಚಿಮ ಭಾಗ ಮಲೆನಾಡಿಗೆ ಸೇರುತ್ತದೆ. ಹಿಂದೆ ತರೀಕೆರೆ ತಾಲ್ಲೂಕಿನ ಭಾಗವಾಗಿದ್ದ ಅಜ್ಜಂಪುರ ಈಗ ಪ್ರತ್ಯೇಕ ತಾಲ್ಲೂಕಾಗಿದೆ.

ಈ ಸೀಮೆಯ ಶಾಲಾ ಮಕ್ಕಳಿಗೆ ಕಬಡ್ಡಿಯ ಮೊದಲ ಪರಿಚಯ ಸಾಮಾನ್ಯವಾಗಿ ಇಲಾಖೆಯ ಕ್ರೀಡಾಕೂಟಗಳಿಂದ ಆಗುತ್ತದೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ಮತ್ತು ರಾಜ್ಯ ಮಟ್ಟಗಳಲ್ಲಿ ಹಂತಹಂತವಾಗಿ ನಡೆಯುವ ಈ ಕೂಟಗಳಲ್ಲಿ ಕಬಡ್ಡಿ, ಖೊಖೊ, ವಾಲಿಬಾಲ್ ಮತ್ತು ಥ್ರೋಬಾಲ್ ಮುಖ್ಯ ಗುಂಪು ಆಟಗಳು. ಸುಗ್ಗಿ ಮುಗಿದ ಮೇಲೆ, ಜಾತ್ರೆ, ಗಣೇಶೋತ್ಸವ ಮತ್ತು ರಾಜ್ಯೋತ್ಸವದ ಸಂದರ್ಭಗಳಲ್ಲಿ ಊರಿನ ಯುವಕ ಸಂಘಗಳು ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳನ್ನು ಏರ್ಪಡಿಸುವುದುಂಟು. ಅದೇ ಸಂಘಗಳು ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳನ್ನೂ ನಡೆಸುತ್ತವೆ.

ಸ್ಥಳ ಮತ್ತು ಖರ್ಚಿನ ವಿಷಯದಲ್ಲಿ ಎರಡು ಆಟಗಳಿಗೆ ಬಹಳ ವ್ಯತ್ಯಾಸವಿದೆ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದು 12 ಮೀಟರ್ ಉದ್ದ, 8 ಮೀಟರ್ ಅಗಲ. ಶಾಲೆಯ ಅಂಗಳದಲ್ಲಿ ಮಣ್ಣನ್ನು ಹದಮಾಡಿ ಸುಣ್ಣದ ಗೆರೆ ಎಳೆದರೆ ಅಂಕಣ ಸಿದ್ಧವಾಗುತ್ತದೆ. ಕ್ರಿಕೆಟ್‌ಗೆ ಪಿಚ್ ಒಂದೇ 22 ಗಜ ಬೇಕು. ಸುತ್ತಲಿನ ಮೈದಾನ ಅದರ ಹಲವು ಪಟ್ಟು ದೊಡ್ಡದು. ಚರ್ಮದ ಚೆಂಡಿನ ಕ್ರಿಕೆಟ್‌ಗೆ ಪ್ಯಾಡ್, ಗ್ಲೌಸ್, ಹೆಲ್ಮೆಟ್‌ಗಳೂ ತರಬೇತಿಯ ನೆಟ್‌ಗಳೂ ಅಗತ್ಯ. ಟೆನಿಸ್ ಚೆಂಡು ಈ ಖರ್ಚನ್ನು ತಗ್ಗಿಸಿ ಹಳ್ಳಿಯಲ್ಲಿ ಕ್ರಿಕೆಟ್ ಹರಡಲು ಕಾರಣವಾಯಿತು; ಆದರೆ ರಾಜ್ಯ ತಂಡಗಳ ಆಯ್ಕೆ ನಡೆಯುವುದು ಚರ್ಮದ ಚೆಂಡಿನ ಆಟದಿಂದಲೇ.

ಈ ಅಂತರದ ಪರಿಣಾಮವನ್ನು ಪ್ರದೇಶದ ಕ್ರಿಕೆಟ್ ಆಟಗಾರರ ಜೀವನದಲ್ಲಿ ಕಾಣಬಹುದು. ಕಡೂರಿನ ವೇದಾ ಕೃಷ್ಣಮೂರ್ತಿ (ಜನನ 1992) ಬಾಲ್ಯದಲ್ಲಿಯೇ ಊರು ಬಿಟ್ಟು ಬೆಂಗಳೂರಿಗೆ ಹೋಗಿ ತರಬೇತಿ ಪಡೆದರು. 2011ರ ಜೂನ್ 30ರಂದು ಡರ್ಬಿಯಲ್ಲಿ ಇಂಗ್ಲೆಂಡ್ ವಿರುದ್ಧ ಆಡಿದ ಮೊದಲ ಏಕದಿನ ಪಂದ್ಯದಲ್ಲಿಯೇ 51 ರನ್ ಗಳಿಸಿದರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಗಳಲ್ಲಿ 70 ರನ್ ಹೊಡೆದು ಭಾರತ ಸೆಮಿಫೈನಲ್ ತಲುಪಲು ನೆರವಾದರು. ಲಾರ್ಡ್ಸ್‌ನಲ್ಲಿ ನಡೆದ ಫೈನಲ್‌ನಲ್ಲಿ ಅವರು 35 ರನ್ ಗಳಿಸಿದರು. ಭಾರತ 9 ರನ್‌ಗಳಿಂದ ಸೋತಿತು. 48 ಏಕದಿನ ಹಾಗೂ 76 ಟಿ20 ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿದ ಅವರು 2025ರಲ್ಲಿ ನಿವೃತ್ತಿ ಘೋಷಿಸಿದರು. ಅವರಿಗಿಂತ ಹಿಂದಿನ ತಲೆಮಾರಿನ ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ತರೀಕೆರೆಯ ನೆರೆಯ ಭದ್ರಾವತಿಯಲ್ಲಿ. 1969ರಲ್ಲಿ ಕಾನ್ಪುರದಲ್ಲಿ ಆಡಿದ ಮೊದಲ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ರನ್ ಗಳಿಸಿದ ಅವರು ಒಟ್ಟು 91 ಟೆಸ್ಟ್‌ಗಳನ್ನಾಡಿದರು.

ಕಬಡ್ಡಿ ಪಕ್ಷದವರು ಗ್ರಾಮೀಣ ಹಿನ್ನೆಲೆಯ ಸಾಧಕರಾಗಿ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿಯವರನ್ನು ಹೆಸರಿಸುತ್ತಾರೆ. ಅವರ ನಾಯಕತ್ವದಲ್ಲಿ ಭಾರತ ತಂಡವು 2012ರಲ್ಲಿ ಪಾಟ್ನಾದಲ್ಲಿ ನಡೆದ ಮಹಿಳಾ ವಿಶ್ವಕಪ್ ಗೆದ್ದಿತು. ಅವರಿಗೂ ಕರ್ನಾಟಕದವರೇ ಆದ ತೇಜಸ್ವಿನಿ ಬಾಯಿ ಅವರಿಗೂ ಅರ್ಜುನ ಪ್ರಶಸ್ತಿ ಸಂದಿದೆ.

ನೋಡುಗರ ಲೆಕ್ಕ

ಇಂಡಿಯನ್ ಪ್ರೀಮಿಯರ್ ಲೀಗ್‌ನ ಮೊದಲ ಪಂದ್ಯ 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಿತು. ಪ್ರೊ ಕಬಡ್ಡಿ ಲೀಗ್ 2014ರ ಜುಲೈ 26ರಂದು ಆರಂಭವಾಯಿತು. ಇದರ ಮೊದಲ ಆವೃತ್ತಿಯನ್ನು ಸುಮಾರು 43.5 ಕೋಟಿ ಜನ ವೀಕ್ಷಿಸಿದರೆಂದು ವರದಿಯಾಯಿತು. ಅದೇ ವರ್ಷದ ಐಪಿಎಲ್‌ಗೆ 55 ಕೋಟಿಗೂ ಹೆಚ್ಚು ವೀಕ್ಷಕರಿದ್ದರು. ಕಬಡ್ಡಿ ಅಭಿಮಾನಿಗಳು ಅಂದಿನಿಂದ ತಮ್ಮ ಆಟವನ್ನು ದೇಶದ ಎರಡನೆಯ ಜನಪ್ರಿಯ ಆಟವೆಂದು ಕರೆಯತೊಡಗಿದರು. 2018ರ ಕೊನೆಯಲ್ಲಿ ಕನ್ನಡದಲ್ಲಿ ಪ್ರತ್ಯೇಕ ಕ್ರೀಡಾ ವಾಹಿನಿ ಆರಂಭವಾಯಿತು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ತಂಡವು ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ಗಳಿಸಿದ್ದರು.

ಇಂತಹ ಅಂಕಿಗಳನ್ನು ಓದುವಾಗ ಎರಡು ವಿಷಯಗಳನ್ನು ಗಮನಿಸಬೇಕಾಗುತ್ತದೆ. ಮೊದಲನೆಯದಾಗಿ, ಟಿವಿ ವೀಕ್ಷಕರ ಸಂಖ್ಯೆ ತಲೆಯೆಣಿಕೆಯಲ್ಲ; ಮಾದರಿ ಮನೆಗಳಲ್ಲಿ ದೊರೆತ ಮಾಹಿತಿಯನ್ನು ವಿಸ್ತರಿಸಿ ಮಾಡಿದ ಅಂದಾಜು. ಎರಡನೆಯದಾಗಿ, ಕೆಲವು ನಿಮಿಷ ನೋಡಿದವರೂ ಇಡೀ ಪಂದ್ಯ ನೋಡಿದವರೂ ಈ ಲೆಕ್ಕದಲ್ಲಿ ಒಂದೇ ಆಗಿರುತ್ತಾರೆ.

ದೇಶಗಳ ಲೆಕ್ಕ

2025ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಸದಸ್ಯ ದೇಶಗಳ ಸಂಖ್ಯೆ 110ಕ್ಕೆ ಏರಿತು. ಅವುಗಳಲ್ಲಿ ಪೂರ್ಣ ಸದಸ್ಯತ್ವ ಇರುವುದು 12ಕ್ಕೆ ಮಾತ್ರ. 2018ರಲ್ಲಿ ಮಂಡಳಿ ಪ್ರಕಟಿಸಿದ ಸಮೀಕ್ಷೆಯು ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಕ್ರಿಕೆಟ್ ಅಭಿಮಾನಿಗಳಿದ್ದಾರೆಂದು ಹೇಳಿತು, ಅವರಲ್ಲಿ ಶೇ. 90ರಷ್ಟು ಜನ ಭಾರತ ಉಪಖಂಡದವರೆಂದೂ ತಿಳಿಸಿತು. 1900ರ ಪ್ಯಾರಿಸ್ ಒಲಿಂಪಿಕ್ಸ್ ನಂತರ ಕೈಬಿಟ್ಟಿದ್ದ ಕ್ರಿಕೆಟ್ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಮತ್ತೆ ಸೇರಿದೆ.

ಕಬಡ್ಡಿ ಒಲಿಂಪಿಕ್ಸ್‌ನಲ್ಲಿ ಪದಕದ ಸ್ಪರ್ಧೆಯಾಗಿಲ್ಲ. 2016ರಲ್ಲಿ ಅಹಮದಾಬಾದಿನಲ್ಲಿ ನಡೆದ ವಿಶ್ವಕಪ್‌ನಲ್ಲಿ 12 ದೇಶಗಳು ಆಡಿದವು. ಮೊದಲ ಪಂದ್ಯದಲ್ಲಿ ಭಾರತವನ್ನು ದಕ್ಷಿಣ ಕೊರಿಯಾ 34–32ರಿಂದ ಸೋಲಿಸಿತು. ಫೈನಲ್‌ನಲ್ಲಿ ಭಾರತ ಇರಾನನ್ನು 38–29ರಿಂದ ಗೆದ್ದಿತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಮತ್ತು ಮಹಿಳೆಯರ ಎರಡೂ ಚಿನ್ನದ ಪದಕಗಳು ಇರಾನಿಗೆ ಹೋದವು. ಭಾರತದ ಈ ಸೋಲನ್ನೇ ಕಬಡ್ಡಿ ಹೊರದೇಶಗಳಲ್ಲಿ ಬೇರುಬಿಟ್ಟಿದೆ ಎಂಬುದಕ್ಕೆ ಸಾಕ್ಷಿಯಾಗಿ ಅದರ ಅಭಿಮಾನಿಗಳು ಮುಂದಿಡುತ್ತಾರೆ.

ಇತರ ದೇಶಗಳಲ್ಲಿ ಇಂತಹ ಚರ್ಚೆಗಳು

ಇದೇ ಬಗೆಯ ಪೈಪೋಟಿ ಫುಟ್‌ಬಾಲ್ ಮತ್ತು ರಗ್ಬಿ ಲೀಗ್ ಅಭಿಮಾನಿಗಳ ನಡುವೆಯೂ ಇದೆ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ 1895ರಲ್ಲಿ ರಗ್ಬಿಯಿಂದ ಕವಲೊಡೆದ ರಗ್ಬಿ ಲೀಗ್ ಉತ್ತರ ಇಂಗ್ಲೆಂಡ್, ಪೂರ್ವ ಆಸ್ಟ್ರೇಲಿಯಾ ಮತ್ತು ಪಪುವಾ ನ್ಯೂಗಿನಿಗಳಲ್ಲಿ ಬಹಳ ಜನಪ್ರಿಯ. ಫುಟ್‌ಬಾಲ್ ಒಕ್ಕೂಟವಾದ ಫಿಫಾಕ್ಕೆ 211 ಸದಸ್ಯ ಸಂಘಗಳಿವೆ; 2018ರ ವಿಶ್ವಕಪ್ಪನ್ನು 350 ಕೋಟಿಗೂ ಹೆಚ್ಚು ಜನ ನೋಡಿದರೆಂದು ಅದು ಹೇಳಿದೆ. ಜಾಗತಿಕ ಲೆಕ್ಕದಲ್ಲಿ ಇವೆರಡಕ್ಕೆ ಹೋಲಿಕೆಯೇ ಇಲ್ಲ. ಆದರೆ ಪಪುವಾ ನ್ಯೂಗಿನಿಯಲ್ಲಿ ಜನರ ಮೊದಲ ಆಟ ರಗ್ಬಿ ಲೀಗೇ ಆಗಿದೆ.

ಹಣ ಮತ್ತು ಅವಕಾಶ

ಜನಪ್ರಿಯತೆಯ ಚರ್ಚೆಗೆ ಗಂಭೀರತೆ ಬರುವುದು ಆಟಗಾರರ ಜೀವನೋಪಾಯದ ಪ್ರಶ್ನೆಯಿಂದ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಸುಮಾರು 2.6 ಕೋಟಿ ರೂಪಾಯಿಗೆ ಮಾರಾಟವಾಗಿ ಪ್ರೊ ಕಬಡ್ಡಿಯಲ್ಲಿ ದಾಖಲೆ ನಿರ್ಮಿಸಿದರು. 2024ರ ನವೆಂಬರ್‌ನಲ್ಲಿ ಐಪಿಎಲ್ ತಂಡವೊಂದು ರಿಷಭ್ ಪಂತ್ ಅವರಿಗೆ 27 ಕೋಟಿ ರೂಪಾಯಿ ನೀಡಿತು. ಲೀಗ್‌ಗೆ ಆಯ್ಕೆಯಾಗದ ಬಹುಪಾಲು ಕಬಡ್ಡಿ ಆಟಗಾರರಿಗೆ ರೈಲ್ವೆ, ಪೊಲೀಸ್ ಮತ್ತು ಬ್ಯಾಂಕುಗಳ ಕ್ರೀಡಾ ಕೋಟಾದ ನೌಕರಿಯೇ ಮುಖ್ಯ ಆಸರೆ.

ಇತರ ದೇಶಿ ಆಟಗಳಲ್ಲಿಯೂ ಈ ಪ್ರಶ್ನೆ ಎದ್ದಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್‌ನಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳು ಗೆದ್ದವು. ಅವುಗಳಲ್ಲಿ ಆಡಿದ್ದ ಕರ್ನಾಟಕದ ಎಂ. ಕೆ. ಗೌತಮ್ ಮತ್ತು ಬಿ. ಚೈತ್ರಾ ರಾಜ್ಯ ಸರ್ಕಾರ ಘೋಷಿಸಿದ ತಲಾ 5 ಲಕ್ಷ ರೂಪಾಯಿ ಬಹುಮಾನವನ್ನು ಸಾಲದೆಂದು ನಿರಾಕರಿಸಿದರು.

ಅತಿಯಾದ ಜನಪ್ರಿಯತೆಯ ಅಪಾಯವೂ ಅದೇ ವರ್ಷ ಕಂಡುಬಂತು. ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಜೂನ್ 3ರಂದು ಮೊದಲ ಬಾರಿಗೆ ಐಪಿಎಲ್ ಗೆದ್ದ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಉಂಟಾದ ನೂಕುನುಗ್ಗಲಿನಲ್ಲಿ 11 ಜನ ಮೃತಪಟ್ಟರು.

ಒಟ್ಟು ನೋಟ

ಟಿವಿ ವೀಕ್ಷಕರು, ಸದಸ್ಯ ದೇಶಗಳು ಮತ್ತು ಹಣದ ಲೆಕ್ಕದಲ್ಲಿ ಕ್ರಿಕೆಟ್ ಮುಂದಿದೆ. ಕಡಿಮೆ ಜಾಗ, ಕಡಿಮೆ ಖರ್ಚು ಮತ್ತು ಶಾಲಾ ಕ್ರೀಡಾಕೂಟಗಳಲ್ಲಿನ ಸ್ಥಾನದ ಲೆಕ್ಕದಲ್ಲಿ ಕಬಡ್ಡಿ ಮುಂದಿದೆ. ಎರಡೂ ಆಟಗಳ ಅಭಿಮಾನಿಗಳಲ್ಲಿ ಬಹುಪಾಲು ಜನ ದಕ್ಷಿಣ ಏಷ್ಯಾದವರೇ ಆಗಿರುವುದರಿಂದ, ವಿಶ್ವಕ್ರೀಡೆ ಎಂಬ ಬಿರುದಿನ ವಾದ ಒಂದೇ ನೆಲದಲ್ಲಿ ನಡೆಯುತ್ತಿದೆ. ಕಡೂರು, ತರೀಕೆರೆ, ಅಜ್ಜಂಪುರಗಳಂತಹ ತಾಲ್ಲೂಕುಗಳಲ್ಲಿ ಒಬ್ಬನೇ ಹುಡುಗ ಶಾಲೆಯ ತಂಡಕ್ಕೆ ಕಬಡ್ಡಿ ಆಡಿ, ಸಂಜೆ ಟಿವಿಯಲ್ಲಿ ಕ್ರಿಕೆಟ್ ನೋಡುವುದು ಸಾಮಾನ್ಯ. ಅಂತಹವರು ಎರಡೂ ಪಕ್ಷಗಳ ಲೆಕ್ಕಕ್ಕೆ ಸೇರುತ್ತಾರೆ.