ಚಿತ್ರವೂ ಕರ್ತೃನಾಮವೂ

ಪೂರ್ವಕಾಲದ ಮಹಾಚಿತ್ರಕಾರರ ಕೃತಿಗಳನ್ನು ಸಂಗ್ರಹಿಸಿದ ವಸ್ತುಸಂಗ್ರಹಾಲಯಕ್ಕೆ ಎರಡು ಹೊಣೆಗಳುಂಟು. ಕೃತಿಯನ್ನು ಕಾಪಾಡುವುದು ಒಂದು. ಅದು ಯಾರ ಕೈಯದೆಂಬುದನ್ನು ಸತ್ಯವಾಗಿ ನುಡಿಯುವುದು ಇನ್ನೊಂದು. ಈ ಎರಡನೆಯದು ಎಷ್ಟು ದುಸ್ಸಾಧ್ಯವೆಂಬುದಕ್ಕೆ ಡಚ್ ಚಿತ್ರಕಾರ ರೆಂಬ್ರಾಂಟನ (1606-1669) ಕೃತಿಗಳ ಚರಿತ್ರೆಯೇ ಸಾಕ್ಷಿ.

1935ರಲ್ಲಿ ಅಬ್ರಹಾಂ ಬ್ರೇಡಿಯಸ್ ಪ್ರಕಟಿಸಿದ ಪಟ್ಟಿಯಲ್ಲಿ ರೆಂಬ್ರಾಂಟನವೆನ್ನಲಾದ ಚಿತ್ರಗಳು 600ಕ್ಕೂ ಮಿಕ್ಕಿದ್ದುವು. 1968ರಲ್ಲಿ ಹಾರ್ಸ್ಟ್ ಗೆರ್ಸನ್ ಒಪ್ಪಿಕೊಂಡುವು ಸುಮಾರು 420 ಮಾತ್ರ. ಅದೇ ವರ್ಷ ಡಚ್ ವಿದ್ವಾಂಸರ ಮಂಡಲಿಯೊಂದು ಪ್ರತಿಯೊಂದು ಚಿತ್ರವನ್ನೂ ಮರುಪರೀಕ್ಷಿಸಲು ತೊಡಗಿತು. ಈ ಗೊಂದಲಕ್ಕೆ ಕೃತಕ ಚಿತ್ರಗಳ ವ್ಯಾಪಾರವೊಂದೇ ಕಾರಣವಲ್ಲ. ರೆಂಬ್ರಾಂಟನ ಚಿತ್ರಶಾಲೆಯಲ್ಲಿ ಶಿಷ್ಯರು ಗುರುವಿನ ರೀತಿಯಲ್ಲಿಯೇ ಚಿತ್ರಿಸುತ್ತಿದ್ದರು. ಅಂತಹ ಕೃತಿಗಳನ್ನು ಗುರುವು ತನ್ನವೆಂದೇ ಮಾರುವುದು ಆ ಕಾಲದ ಕುಶಲಕರ್ಮಿಗಳ ಶ್ರೇಣಿಗಳಿಗೆ ಸಮ್ಮತವಾಗಿತ್ತು. ಓಲೆಗರಿಯ ಗ್ರಂಥಗಳಲ್ಲಿ ಮೂಲವನ್ನೂ ಪ್ರಕ್ಷಿಪ್ತವನ್ನೂ ಬೇರ್ಪಡಿಸಹೊರಟ ಸಂಪಾದಕರಿಗೆ ಈ ತೊಡಕು ಅಪರಿಚಿತವಲ್ಲ.

ಬರ್ಲಿನ್ನಿನ ಸಂಗ್ರಹಕ್ಕೆ 1897ರಲ್ಲಿ ಕೊಂಡುಕೊಂಡ 'ಹೊನ್ನಿನ ಶಿರಸ್ತ್ರಾಣದ ಪುರುಷ' ಎಂಬ ಚಿತ್ರ ಬಹುಕಾಲ ರೆಂಬ್ರಾಂಟನ ಶ್ರೇಷ್ಠ ಕೃತಿಗಳಲ್ಲೊಂದೆಂದು ಜಗತ್ಪ್ರಸಿದ್ಧವಾಗಿತ್ತು. ವರ್ಣಲೇಪನದ ಕ್ರಮವನ್ನೂ ಕೆಳಪದರಗಳನ್ನೂ ಪರಿಶೀಲಿಸಿದ ತರುವಾಯ, 1985ರಲ್ಲಿ, ಅದು ಅವನದಲ್ಲ, ಅವನ ಪರಿವಾರದ ಅಜ್ಞಾತನೊಬ್ಬನದೆಂದು ಸಾರಲಾಯಿತು. ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಬದಲಾದುದು ನೋಡುವವರ ಗೌರವ.

ಇದಕ್ಕೆ ವಿಪರೀತವಾದ ನಿದರ್ಶನವೂ ಉಂಟು. ಹೇಗ್ ನಗರದ ಮೌರಿತ್ಸ್‌ಹೌಸಿನಲ್ಲಿರುವ 'ಸೌಲ ಮತ್ತು ದಾವೀದ' ಚಿತ್ರವನ್ನು ಬ್ರೇಡಿಯಸ್ 1898ರಲ್ಲಿ ಕೊಂಡಿದ್ದನು. 1969ರಲ್ಲಿ ಗೆರ್ಸನ್ ಅದನ್ನು ತಿರಸ್ಕರಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಯಾರೋ ಆ ಪಟವನ್ನು ಎರಡಾಗಿ ಕತ್ತರಿಸಿ, ಮರಳಿ ಜೋಡಿಸಿ, ಬೇರೊಂದು ಹಳೆಯ ಚಿತ್ರದ ತುಂಡನ್ನೂ ಸೇರಿಸಿದ್ದರು. ಮೇಲೆ ಬಳಿದ ಬಣ್ಣ ಮೂಲವನ್ನು ಮುಚ್ಚಿತ್ತು. ಎಂಟು ವರ್ಷಗಳ ಶೋಧನೆಯಲ್ಲಿ ಕ್ಷ-ಕಿರಣಗಳು ಪಟದ 15 ತುಂಡುಗಳನ್ನೂ, ಬಣ್ಣದಡಿಯ ತೆರೆಯ ಮೂಲರೂಪವನ್ನೂ ಗುರುತಿಸಿಕೊಟ್ಟುವು. 2015ರಲ್ಲಿ ಆ ಚಿತ್ರ ಮರಳಿ ರೆಂಬ್ರಾಂಟನದೆನಿಸಿತು. ಗೆರ್ಸನ್ ಕಂಡುದು ಬಹುಮಟ್ಟಿಗೆ ರೆಂಬ್ರಾಂಟನ ಕುಂಚವನ್ನಲ್ಲ, ಹಿಂದಿನ ದುರಸ್ತಿಕಾರರ ಕೈವಾಡವನ್ನು.

ಇವೆರಡರಿಂದ ಹೊರಡುವ ತಾತ್ಪರ್ಯ ಸ್ಪಷ್ಟವಾಗಿದೆ. ಯಂತ್ರವು ಬಣ್ಣದ ದ್ರವ್ಯವನ್ನು ಹೇಳಬಲ್ಲುದು, ಪದರಗಳನ್ನು ತೋರಬಲ್ಲುದು. ಒಂದೇ ಶಾಲೆಯಲ್ಲಿ ಒಂದೇ ಬಣ್ಣವನ್ನು ಅರೆದು ಬಳಸಿದ ಗುರುಶಿಷ್ಯರನ್ನು ತಾನಾಗಿ ಬೇರ್ಪಡಿಸಲಾರದು. ಅದಕ್ಕೆ ಬಹುಕಾಲ ಚಿತ್ರಗಳೆದುರು ನಿಂತು ಪಳಗಿದ ಕಣ್ಣು ಬೇಕು. ಆ ಕಣ್ಣಿಗಾದರೋ ಯಂತ್ರದ ಸಾಕ್ಷ್ಯವಿಲ್ಲದಿದ್ದರೆ ಮೋಸಹೋಗುವ ಭಯ ತಪ್ಪಿದುದಲ್ಲ. ಇವೆರಡನ್ನೂ ಬಲ್ಲ ವಿದ್ವಾಂಸರನ್ನು ಬೆಳೆಸುವುದು ಹೊಸ ಚಿತ್ರಗಳನ್ನು ಕೊಳ್ಳುವುದಕ್ಕಿಂತ ಕಡಿಮೆಯ ಕರ್ತವ್ಯವಲ್ಲ. ಅಂತೆಯೇ, ಸಂದೇಹವಿರುವೆಡೆ ಸಂದೇಹವನ್ನೇ ಬರೆಯುವ ಧೈರ್ಯ ವಸ್ತುಸಂಗ್ರಹಾಲಯಗಳಿಗಿರಬೇಕು. ಇಲ್ಲದಿದ್ದರೆ ಜನರು ನೋಡುವುದು ಚಿತ್ರವನ್ನಲ್ಲ, ಅದರ ಕೆಳಗಿನ ಹೆಸರನ್ನು.